ನೇತ್ರಾವತಿಯ ದಂಡೆಯಿಂದ ಚಾರ್ಮಾಡಿಯ ಬುಡಕ್ಕೆ

ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಅದರ ಪೂರ್ಣ ಹೆಸರು ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಾಗುತ್ತದೆ? ಅಡ್ಡರಸ್ತೆಯೇ ಇಂದು ಪೇಟೆಯಾಗಿದೆ. ನಿಜವಾದ ಬಂಟ್ವಾಳ ಪೇಟೆ ನೇತ್ರಾವತಿಯ ದಂಡೆಯ ಇಕ್ಕಟ್ಟಾದ ಬೀದಿಯಲ್ಲಿ ಉಳಿದುಕೊಂಡಿದೆ. ಹಾಗೆ ನದಿಗೆ ಅಂಟಿಕೊಂಡು ಬೆಳೆದುದಕ್ಕೆ ಕಾರಣವಿತ್ತು. ಒಳ್ಳೆಯ ರಸ್ತೆಗಳಿಲ್ಲದ ಕಾಲದಲ್ಲಿ ಮಂಗಳೂರಿಗೆ ನೀರೇ ದಾರಿ. ಮೈಸೂರು ಸೀಮೆಯಿಂದ ಘಟ್ಟವಿಳಿದು ಬಂದ ಸರಕು ಇಲ್ಲಿ ದೋಣಿಯೇರುತ್ತಿತ್ತು. ವ್ಯಾಪಾರ ಕೊಟ್ಟ ನದಿ 1923ರಲ್ಲೂ 1974ರಲ್ಲೂ ಉಕ್ಕಿ ಬಂದು ಅದೇ ಪೇಟೆಯನ್ನು ಮುಳುಗಿಸಿತು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಕಂಪನಿ ಸರಕಾರದ ಪರವಾಗಿ ಈ ಸೀಮೆಯನ್ನು ನೋಡಲು ಬಂದರು. ಅರ್ಕುಳ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ: ಅವರು ಹಿಡಿದ ದಾರಿಯಲ್ಲಿ ಇಂದು ನಮ್ಮ ಬಸ್ಸುಗಳು ಓಡುತ್ತವೆ. ಆದರೆ ಅವರು ಕಂಡದ್ದು ಯುದ್ಧದಿಂದ ನಲುಗಿದ ನಾಡು. ಕೊಡಗಿನ ಅರಸ ಬಂಟ್ವಾಳದ ಅರ್ಧದಷ್ಟು ಜನರನ್ನು ಹಿಡಿದೊಯ್ದನೆಂದು ಬ್ರಿಟಿಷ್ ಗೆಜೆಟಿಯರ್ ಹೇಳುತ್ತದೆ.

ಅದಕ್ಕೂ ಮೊದಲು, 1784ರ ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಅಪ್ಪಣೆಯಂತೆ ನಮ್ಮ ಪೂರ್ವಜರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸಂಖ್ಯೆಯಲ್ಲಿ ಒಮ್ಮತವಿಲ್ಲ, ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೂ ಹೇಳುವವರಿದ್ದಾರೆ. ಆ ಮೊದಲ ದಿನಗಳಲ್ಲಿ ಬೆಳ್ತಂಗಡಿಯ ಜಮಾಲಾಬಾದ್ ಕೋಟೆಯ ಬಳಿ ತಂಗಿದರೆಂದೂ, ಕೆಲವರನ್ನು ಅಲ್ಲಿಂದ ಕೆಳಗೆ ನೂಕಿದರೆಂದೂ ಹಿರಿಯರು ಹೇಳುವುದನ್ನು ನಾವು ಕೇಳಿ ಬೆಳೆದಿದ್ದೇವೆ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಇಂದು ನೋಡುವ ಕೋಟೆಯನ್ನು ಟಿಪ್ಪು ಕಟ್ಟಿಸಿ ತಾಯಿಯ ಹೆಸರಿಟ್ಟದ್ದು 1794ರಲ್ಲಿ, ಅಂದರೆ ಸೆರೆಯಾದ ಹತ್ತು ವರ್ಷಗಳ ನಂತರ. ಬಂಡೆ ಮೊದಲೇ ಇತ್ತು, ಅಲ್ಲಿ ಹಳೆಯ ಕಟ್ಟಡವೂ ಇತ್ತೆನ್ನುತ್ತಾರೆ. ಆದರೂ ಮಕ್ಕಳಿಗೆ ಕತೆ ಹೇಳುವಾಗ ಇಸವಿಯನ್ನು ತಪ್ಪಿಸಬಾರದು. ದುಃಖ ನಿಜವಾದುದು, ಅದಕ್ಕೆ ಬಣ್ಣ ಹಚ್ಚಬೇಕಾಗಿಲ್ಲ.

ಇನ್ನೊಂದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಆಗ ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆ ಸಮೀಪದ ಹೊಸ್ಪೇಟೆಯ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಕೆಡವಲ್ಪಡದೆ ಉಳಿಯಿತು. ಉಳಿಸಿದವರು ಮೂಡುಬಿದಿರೆಯ ಚೌಟ ಅರಸರು, ಜೈನರು. ಅವರ ಅರಮನೆ ಇಂದಿಗೂ ಊರಲ್ಲಿದೆ. ಸಾವಿರ ಕಂಬದ ಬಸದಿ ನೋಡಲು ಹೋಗುವವರಲ್ಲಿ ಎಷ್ಟೋ ಮಂದಿ ಅದನ್ನು ನೋಡದೆ ಬರುತ್ತಾರೆ!

ಮುಂದೆ ದೋಣಿಗಳು ಮರೆಯಾದವು. ಪಾಣೆಮಂಗಳೂರಿನಲ್ಲಿ ಬ್ರಿಟಿಷರ ಕಾಲದ ಸೇತುವೆ ಬಂತು, 1979ರಲ್ಲಿ ಮಂಗಳೂರು-ಹಾಸನ ರೈಲು ಮಾರ್ಗ ಪೂರ್ಣವಾಯಿತು. ಹಳಿ ಅಗಲಗೊಳಿಸಲೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಷ್ಟೇ ಮರಳಿತು. ಬೆಳ್ತಂಗಡಿಗೂ ಮೂಡುಬಿದಿರೆಗೂ ರೈಲು ಇನ್ನೂ ಬಂದಿಲ್ಲ. ಬೆಳ್ತಂಗಡಿಯವರಿಗೆ ಘಟ್ಟ ಹತ್ತಲು ಚಾರ್ಮಾಡಿಯೇ ಗತಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಅದೂ ಮುಚ್ಚಿದಾಗ ಮಲೆನಾಡಿನ ಬಂಧುಗಳ ಮನೆಗೆ ಹೊರಟವರು ತಿಂಗಳುಗಟ್ಟಲೆ ಸುತ್ತುದಾರಿ ಹಿಡಿಯಬೇಕಾಯಿತು.