ತಪ್ಪಿಸಿಕೊಂಡ ಸುಲಿಗೆಕೋರ: ಪೊಲೀಸ್ ಪ್ರಕಟಣೆಯಲ್ಲಿ ಗಮನಿಸಬೇಕಾದದ್ದೇನು?

ಬಾಗಲಕೋಟೆ: ಜೈಲಿನಿಂದಲೋ ಪೊಲೀಸರ ಬೆಂಗಾವಲಿನಿಂದಲೋ ಸುಲಿಗೆಕೋರನೊಬ್ಬ ಪರಾರಿಯಾದ ಕೂಡಲೇ ಭಾವಚಿತ್ರ ಸಹಿತ ಪ್ರಕಟಣೆ ಹೊರಡುವುದು ವಾಡಿಕೆ. ಪ್ರಕಟಣೆ ಹೊರಡಿಸುವುದು ಪೊಲೀಸರ ಕೆಲಸವಾದರೂ, ಅದು ಫಲ ನೀಡುವುದು ಓದಿದವರ ಕಣ್ಣು ಚುರುಕಾಗಿದ್ದಾಗ ಮಾತ್ರ. ರಾಜ್ಯವು ಇದನ್ನು ಅತಿ ದುಬಾರಿ ಬೆಲೆ ತೆತ್ತು ಕಲಿತ ಪ್ರಕರಣವೊಂದಿದೆ.

ಅತ್ಯಾಚಾರ, ಕೊಲೆ ಹಾಗೂ ಸುಲಿಗೆ ಪ್ರಕರಣಗಳಲ್ಲಿ ಸಿಕ್ಕಿಬಿದ್ದಿದ್ದ ಸೇಲಂ ಜಿಲ್ಲೆಯ ಲಾರಿ ಚಾಲಕ ಜೈಶಂಕರ್ 2011ರ ಮಾರ್ಚ್‌ನಲ್ಲಿ ತಮಿಳುನಾಡು ಪೊಲೀಸರ ಬೆಂಗಾವಲಿನಿಂದ ಸೇಲಂನಲ್ಲಿ ತಪ್ಪಿಸಿಕೊಂಡ. ಬಳಿಕ ಗಡಿ ದಾಟಿ ಬಂದು ಬಳ್ಳಾರಿ ಸೇರಿದಂತೆ ರಾಜ್ಯದ ಕೆಲವೆಡೆ ಮಹಿಳೆಯರನ್ನು ಬಲಿ ತೆಗೆದುಕೊಂಡ. ಸುಮಾರು ಏಳು ವಾರಗಳ ನಂತರ, ಮೇ 4ರಂದು ಆತ ಸಿಕ್ಕಿದ್ದು ಬಾಗಲಕೋಟೆಗೆ ನೆರೆಯ ಅಂದಿನ ವಿಜಾಪುರ ಜಿಲ್ಲೆಯ ಎಳಗಿ ಗ್ರಾಮದಲ್ಲಿ. ಹೊಲದಲ್ಲಿ ಒಬ್ಬರೇ ಇದ್ದ ಮಹಿಳೆಯ ಬಳಿ ನೀರು ಕೇಳುತ್ತ ಬಂದವನು ಮೇಲೆರಗಲು ಯತ್ನಿಸಿದ. ಆಕೆಯ ಕೂಗು ಕೇಳಿ ಧಾವಿಸಿದ ಪತಿ ಹಾಗೂ ಆತನ ಸ್ನೇಹಿತ ಹಿಡಿದು ಝಳಕಿ ಠಾಣೆಯ ಪೊಲೀಸರಿಗೆ ಒಪ್ಪಿಸಿದರು.

ಅದೇ ವ್ಯಕ್ತಿ 2013ರ ಆಗಸ್ಟ್ 31ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಗೋಡೆ ಹಾರಿ ಮತ್ತೆ ಪರಾರಿಯಾದ. ಈ ಬಾರಿ ಹಲವು ಭಾಷೆಗಳಲ್ಲಿ ಭಿತ್ತಿಪತ್ರ ಹೊರಟವು. ಸುಳಿವು ನೀಡಿದವರಿಗೆ 5 ಲಕ್ಷ ರೂಪಾಯಿ ಬಹುಮಾನ ಘೋಷಣೆಯಾಯಿತು. ಸೆಪ್ಟೆಂಬರ್ 6ರಂದು ಮಾಹಿತಿದಾರರೊಬ್ಬರ ಸುಳಿವಿನ ಮೇರೆಗೆ ಕೂಡ್ಲು ಗೇಟ್ ಬಳಿ ಆತ ಮರಳಿ ಸೆರೆಯಾದ. ಮೊದಲ ಬಾರಿ ಏಳು ವಾರ, ಎರಡನೆಯ ಬಾರಿ ಒಂದು ವಾರವೂ ಇಲ್ಲ. ಗೋಡೆಯಿಂದ ಬಿದ್ದು ಕಾಲಿಗೆ ಪೆಟ್ಟಾಗಿದ್ದುದರಿಂದ ಆತ ದೂರ ಹೋಗಲಾರದೆ ಹೋದನೆಂಬುದೂ ನಿಜ. ಆದರೂ ಪ್ರಚಾರದ ಪಾಲನ್ನು ಅಲ್ಲಗಳೆಯುವಂತಿಲ್ಲ. 2018ರ ಫೆಬ್ರುವರಿಯಲ್ಲಿ ಆತ ಜೈಲಿನಲ್ಲಿಯೇ ಮೃತಪಟ್ಟ.

ಝಳಕಿಯ ಮೇಲೆ ಹಾದುಹೋಗುವ ಸೊಲ್ಲಾಪುರ-ಚಿತ್ರದುರ್ಗ ಹೆದ್ದಾರಿಯೇ ಮುಂದೆ ಹುನಗುಂದ, ಇಳಕಲ್ಲುಗಳನ್ನೂ ಮುಟ್ಟುತ್ತದೆ. ಲಾರಿಯೊಂದನ್ನು ಹತ್ತಿದವನು ರಾತ್ರಿ ಕಳೆಯುವುದರೊಳಗೆ ಇನ್ನೊಂದು ರಾಜ್ಯದಲ್ಲಿರಬಹುದು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಗೆ ಹೊರಗಿನಿಂದ ಕಾರ್ಮಿಕರು ಬರುತ್ತಾರೆ. ಬಾದಾಮಿಗೆ ಮೇಣಬಸದಿ ನೋಡಲು, ಬನಶಂಕರಿ ಜಾತ್ರೆಗೆ ಜನ ಬರುತ್ತಾರೆ. ಆಲಮಟ್ಟಿ ಹಿನ್ನೀರಿನಿಂದಾಗಿ ಎದ್ದ ಬಾಗಲಕೋಟೆ ನವನಗರದಲ್ಲಂತೂ ಪಕ್ಕದ ಸೆಕ್ಟರ್‌ನವರೇ ಅಪರಿಚಿತರು. ಇಂಥ ಊರುಗಳಲ್ಲಿ 'ಅಪರಿಚಿತರನ್ನು ಕಂಡರೆ ತಿಳಿಸಿ' ಎಂಬ ಒಂದು ಸಾಲಿನ ಸೂಚನೆಯಿಂದ ಪ್ರಯೋಜನ ಅಲ್ಪ.

ಚಹರೆ ವಿವರದ ಪಾಡೂ ಅಷ್ಟೆ. 'ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು' ಎಂಬ ಸಿದ್ಧ ಸಾಲು ಬಸ್ ನಿಲ್ದಾಣದಲ್ಲಿ ನಿಂತ ಅರ್ಧದಷ್ಟು ಗಂಡಸರಿಗೆ ಒಪ್ಪುತ್ತದೆ. ಬಟ್ಟೆ, ಗಡ್ಡ, ಮೀಸೆ ಒಂದೇ ದಿನದಲ್ಲಿ ಬದಲಾಗುತ್ತವೆ. ಓದುಗರು ನೆನಪಿನಲ್ಲಿಡಬೇಕಾದದ್ದು ಬದಲಿಸಲಾಗದ ಗುರುತುಗಳನ್ನು: ಹಳೆಯ ಗಾಯ, ಹಚ್ಚೆ, ಕುಂಟುನಡೆ, ಮಾತನಾಡುವ ಭಾಷೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೃತ್ಯದ ರೀತಿ.

ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ ಕೊಡುವುದು ಉತ್ತರ ಕರ್ನಾಟಕದ ರೂಢಿ. ನೀರು ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸಲು ಇಲ್ಲಿನ ಗೃಹಿಣಿಯರ ಮನಸ್ಸು ಒಪ್ಪದು. ಎಳಗಿಯಲ್ಲಿ ಬಳಕೆಯಾದದ್ದು ಇದೇ ನೆಪ. ಚಿತ್ರದುರ್ಗ ಮೂಲದ ಉಮೇಶ್ ರೆಡ್ಡಿ, ದಂಡುಪಾಳ್ಯ ತಂಡದವರೂ ಇಂಥದೇ ನೆಪ ಹೂಡಿ ಒಂಟಿ ಮಹಿಳೆಯರಿದ್ದ ಮನೆಗಳನ್ನು ಹೊಕ್ಕವರು. ನೇಕಾರರ ಮನೆಗಳಲ್ಲಿ ಮಗ್ಗದ ಸದ್ದಿಗೆ ಹೊರಗಿನ ಕೂಗು ಕೇಳಿಸುವುದೂ ಕಷ್ಟ. ರೂಢಿ ಬಿಡಬೇಕಿಲ್ಲ, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಬಾಗಿಲ ಚಿಲಕ ಹಾಕಿಕೊಂಡರೆ ಸಾಕು.

ಇನ್ನು ಕಾನೂನಿನ ಮಾತು. ಪತ್ರಿಕೆಗಳು ಎಲ್ಲರನ್ನೂ ದರೋಡೆಕೋರರೆಂದು ಕರೆದರೂ, ಐದು ಅಥವಾ ಹೆಚ್ಚು ಮಂದಿ ಸೇರಿ ಮಾಡಿದರೆ ಮಾತ್ರ ಅದು ದರೋಡೆ; ಉಳಿದದ್ದು ಸುಲಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 262ನೇ ಕಲಮಿನ ಪ್ರಕಾರ ಬಂಧನದಿಂದ ತಪ್ಪಿಸಿಕೊಳ್ಳುವುದಕ್ಕೆ ಎರಡು ವರ್ಷಗಳವರೆಗೆ ಶಿಕ್ಷೆಯಿದೆ. ಸುಲಿಗೆಕೋರರಿಗೆ ತಿಳಿದೂ ಆಶ್ರಯ ನೀಡಿದವರಿಗೆ 254ನೇ ಕಲಮಿನಡಿ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆ ವಿಧಿಸಬಹುದು. ಗಂಡ ಅಥವಾ ಹೆಂಡತಿಗೆ ಮಾತ್ರ ಇದರಿಂದ ವಿನಾಯಿತಿ.

ಖಾಸಗಿ ವ್ಯಕ್ತಿ ಯಾರನ್ನು ಹಿಡಿಯಬಹುದೆಂಬುದಕ್ಕೂ ಮಿತಿಯಿದೆ. ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ ಅಪರಾಧ ಎಸಗಿದವನನ್ನು ಅಥವಾ ಘೋಷಿತ ಅಪರಾಧಿಯನ್ನು ಹಿಡಿಯಬಹುದು; ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು. ಎಳಗಿಯಲ್ಲಿ ನಡೆದದ್ದು ಈ ಮಿತಿಯೊಳಗಿನ ಕೆಲಸ. ಹಿಡಿದವನನ್ನು ಹೊಡೆಯಲು ಯಾವ ಕಲಮೂ ಅನುಮತಿ ನೀಡುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದ್‌ನ ಯುವ ಎಂಜಿನಿಯರ್ ಒಬ್ಬರು ಗುಂಪಿನ ಏಟಿಗೆ ಬಲಿಯಾದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು.

ಆದ್ದರಿಂದ ಮೊಬೈಲ್‌ಗೆ ಬಂದ ಭಾವಚಿತ್ರವನ್ನು ಮುಂದಕ್ಕೆ ಕಳುಹಿಸುವ ಮುನ್ನ ಅದರಲ್ಲಿ ಠಾಣೆಯ ಹೆಸರು, ದಿನಾಂಕ, ಪ್ರಕರಣದ ಸಂಖ್ಯೆ ಇದೆಯೇ ಎಂದು ನೋಡುವುದು ಅಗತ್ಯ. ಶಂಕೆ ಬಂದಲ್ಲಿ ಹಿಂಬಾಲಿಸದೆ, ಕಂಡ ಸ್ಥಳ, ಸಮಯ, ಹೋದ ದಿಕ್ಕು ಮತ್ತು ವಾಹನದ ಸಂಖ್ಯೆಯನ್ನು ಗುರುತು ಹಾಕಿಕೊಂಡು 112ಕ್ಕೆ ಕರೆ ಮಾಡಬಹುದು.