ಬುಷ್ ಟೀ

ಬುಷ್ ಟೀ ಎಂಬುದು ನೆಗಡಿ, ಕೆಮ್ಮು, ಜ್ವರಗಳಿಗೆ ಸೊಪ್ಪು, ಬೇರು, ತೊಗಟೆ ಕುದಿಸಿ ಮಾಡುವ ಕಷಾಯಗಳಿಗೆ ಇಂಗ್ಲಿಷ್ ಮಾತಾಡುವ ಕೆರಿಬಿಯನ್ ದ್ವೀಪಗಳಲ್ಲಿರುವ ಒಟ್ಟು ಹೆಸರು. ಇದರಲ್ಲಿ ಚಹಾ ಸೊಪ್ಪು ಇರಬೇಕಾಗಿಲ್ಲ. ಜಮೈಕಾದಲ್ಲಿ ಶುಂಠಿ, ಮಜ್ಜಿಗೆ ಹುಲ್ಲು, ಲಂಟಾನ ಮತ್ತು ಸೆರಸಿ ಎಂದು ಕರೆಯುವ ಕಾಡುಹಾಗಲದ ಬಳ್ಳಿ ಬಳಕೆಯಲ್ಲಿವೆ. ಟ್ರಿನಿಡಾಡಿನಲ್ಲಿ ಕೆಮ್ಮಿಗೆ ದೊಡ್ಡಪತ್ರೆ ಬಳಸುತ್ತಾರೆ. ನಿಂಬೆರಸ, ಜೇನು ಬೆರೆಸುವುದುಂಟು.

ಈ ವಿದ್ಯೆ ಆಫ್ರಿಕಾದಿಂದ ಬಂದದ್ದೆಂದು ಜನಪ್ರಿಯ ಬರಹಗಳು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಗಿಡಗಳ ಹುಟ್ಟೂರು ಹುಡುಕಿದರೆ ವಿಷಯ ಅಷ್ಟು ಸರಳವಲ್ಲ. ಶುಂಠಿ ಏಷ್ಯಾದ್ದು, 16ನೇ ಶತಮಾನದಲ್ಲಿ ಸ್ಪೇನಿನವರು ತಂದು ಬೆಳೆಸಿದರು. ಮಜ್ಜಿಗೆ ಹುಲ್ಲೂ ಏಷ್ಯಾದ್ದೇ. ಜಮೈಕಾದವರು ‘ಲೀಫ್ ಆಫ್ ಲೈಫ್’ ಎನ್ನುವ ಕಾಡುಬಸಳೆ ಮಡಗಾಸ್ಕರ್ ಮೂಲದ್ದು. ಲಂಟಾನ ಮಾತ್ರ ಅಮೆರಿಕ ಖಂಡದ್ದೇ. ನಮ್ಮ ಮಲೆನಾಡಿನಲ್ಲಿ ಕಮ್ಯುನಿಸ್ಟ್ ಗಿಡವೆಂದು ಶಾಪ ಹಾಕಿಸಿಕೊಳ್ಳುವ ಕಳೆಯೂ ಅಲ್ಲಿಯದು. ಟ್ರಿನಿಡಾಡಿನಲ್ಲಿ ಅದು ‘ಕ್ರಿಸ್ಮಸ್ ಬುಷ್’, ಕೆಮ್ಮು ನೆಗಡಿಗಳ ಮದ್ದು.

ಹಾಗೆಂದು ಆಫ್ರಿಕನ್ನರ ಪಾಲು ಕಿರಿದಲ್ಲ. ಗುಲಾಮರಾಗಿ ಬಂದವರು ಅಪರಿಚಿತ ಕಾಡಿನಲ್ಲಿ ತಮ್ಮೂರಿನ ಗಿಡಗಳ ಬಂಧುಗಳನ್ನು ಗುರುತಿಸಿದ್ದರು. ಸುರಿನಾಮಿನ ಆಫ್ರಿಕನ್ ಮೂಲದವರು ಗಿಡಗಳಿಗೆ ಇಟ್ಟ ಹೆಸರುಗಳನ್ನು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹೆಸರುಗಳೊಂದಿಗೆ ಹೋಲಿಸಿ ಟಿಂಡೆ ವಾನ್ ಆಂಡೆಲ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲವಾದ ಆಧಾರ. ಗಿಡ ಎಲ್ಲಿಯದು ಎಂಬುದೂ ಅದನ್ನು ಮದ್ದಾಗಿಸಿದ ತಿಳಿವಳಿಕೆ ಯಾರದು ಎಂಬುದೂ ಬೇರೆಬೇರೆ ಪ್ರಶ್ನೆಗಳು. ಮೂಲನಿವಾಸಿ ಟೈನೊ ಜನರ ಪಾಲನ್ನು ಅಳೆಯುವುದು ಇನ್ನೂ ಕಷ್ಟ: ಸ್ಪೇನಿನವರು ಬಂದ ಕೆಲವೇ ದಶಕಗಳಲ್ಲಿ ರೋಗ ಮತ್ತು ದುಡಿತಕ್ಕೆ ಸಿಕ್ಕಿ ಅವರ ಸಂಖ್ಯೆ ಕುಸಿದುಹೋಯಿತು.

ಲಿಖಿತ ದಾಖಲೆಗಳು ಹೆಚ್ಚಾಗಿ ಯಜಮಾನರ ಪಕ್ಷದವು. 1687ರಲ್ಲಿ ಜಮೈಕಾಕ್ಕೆ ಬಂದ ವೈದ್ಯ ಹ್ಯಾನ್ಸ್ ಸ್ಲೋನ್ ನೂರಾರು ಗಿಡಗಳನ್ನು ಸಂಗ್ರಹಿಸಿದ. ಕರಿಯ ವೈದ್ಯರ ಚಿಕಿತ್ಸೆಯನ್ನು ಕಂಡೂ ಅದನ್ನು ನಂಬಲಿಲ್ಲ. 1760ರಲ್ಲಿ ಗುಲಾಮರು ಎದ್ದ ಟ್ಯಾಕಿ ದಂಗೆಯ ಬಳಿಕ ಜಮೈಕಾದಲ್ಲಿ ಒಬಿಯಾ ಎಂಬ ಆಫ್ರಿಕನ್ ಮೂಲದ ಮಾಟ-ಮದ್ದಿನ ಆಚರಣೆಯನ್ನು ಕಾನೂನು ಅಪರಾಧವಾಗಿಸಿತು. ಮದ್ದು ಕೊಡುವವರೂ ಮಾಟಗಾರರೆಂಬ ಅನುಮಾನಕ್ಕೆ ಒಳಗಾಗುವಂತಾಯಿತು. ಅಡುಗೆಮನೆಯಲ್ಲಿ ಹೆಂಗಸರು ಕುದಿಸಿದ ಕಷಾಯದ ಬಗ್ಗೆ ಈ ಕಾಗದಪತ್ರಗಳು ಹೇಳುವುದು ತೀರ ಕಡಿಮೆ.

ಮದ್ದಿನ ಗಿಡಗಳು ಆಮೇಲೂ ಹೊರಗಿನಿಂದ ಬಂದವು: 1838ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಬಂದ ಭಾರತೀಯರಿಂದ ಗಯಾನಾ, ಟ್ರಿನಿಡಾಡುಗಳ ಹಿತ್ತಿಲಿಗೆ ತುಳಸಿ ಸೇರಿತು.

ಬುಷ್ ಟೀಯ ಕತೆಗೆ ನಿಜವಾದ ತಿರುವು ಬಂದದ್ದು 1950ರ ದಶಕದಲ್ಲಿ. ಜಮೈಕಾದ ಬಡ ಮಕ್ಕಳಲ್ಲಿ ಹೊಟ್ಟೆ ಉಬ್ಬಿ, ಪಿತ್ತಜನಕಾಂಗ ಗಡುಸಾಗುವ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಪಿತ್ತಜನಕಾಂಗದ ಸಣ್ಣ ರಕ್ತನಾಳಗಳು ಮುಚ್ಚಿಹೋಗುವುದನ್ನು ವೈದ್ಯರಾದ ಬ್ರಾಸ್, ಜೆಲಿಫ್, ಸ್ಟುವರ್ಟ್ 1954ರಲ್ಲಿ ವಿವರಿಸಿದರು. ಕ್ರೊಟಲೇರಿಯ ಜಾತಿಯ ಗಿಡಗಳ ಬುಷ್ ಟೀಯತ್ತ ಶಂಕೆ ಹೋಯಿತು. ಅವುಗಳಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡುಗಳು ಪಿತ್ತಜನಕಾಂಗಕ್ಕೆ ವಿಷ. ಕುದಿಸಿದರೂ ಅಪಾಯ ತಪ್ಪುವುದಿಲ್ಲ. ಜ್ವರ ಬಂದ ಮಗುವಿಗೆ ತಾಯಿ ಅಕ್ಕರೆಯಿಂದ ಕುಡಿಸಿದ್ದೇ ಮುಳುವಾಗಿದ್ದ ಈ ಪ್ರಸಂಗವನ್ನು ಮನೆಮದ್ದನ್ನು ಹೊಗಳುವ ಪುಸ್ತಕಗಳು ಬಿಟ್ಟುಬಿಡುವುದು ದೊಡ್ಡ ಲೋಪ. ಇದೇ ಹೊತ್ತಿಗೆ ಸಂಶೋಧಕರಾದ ಆಸ್‌ಪ್ರೆ ಮತ್ತು ಥಾರ್ನ್‌ಟನ್ ಜಮೈಕಾದ ಔಷಧ ಸಸ್ಯಗಳ ಪಟ್ಟಿಯನ್ನು ಕಂತುಗಳಲ್ಲಿ ಪ್ರಕಟಿಸಿದರು.

1982ರಲ್ಲಿ ಆರಂಭವಾದ ಟ್ರಾಮಿಲ್ ಎಂಬ ಸಂಶೋಧನಾ ಜಾಲ ಕೆರಿಬಿಯನ್ ಮನೆಮದ್ದುಗಳ ಅಧ್ಯಯನದ ಕ್ರಮವನ್ನೇ ಬದಲಿಸಿತು. ಅದರ ಸಂಶೋಧಕರು ಮನೆಮನೆಗೆ ಹೋಗಿ ಯಾವ ಕಾಯಿಲೆಗೆ ಯಾವ ಗಿಡದ ಯಾವ ಭಾಗವನ್ನು ಹೇಗೆ ಕೊಡುತ್ತಾರೆಂದು ಕೇಳಿ ಬರೆದುಕೊಳ್ಳುತ್ತಾರೆ. ಬಳಿಕ ಪ್ರತಿ ಬಳಕೆಯನ್ನೂ ಶಿಫಾರಸು ಮಾಡಬಹುದಾದದ್ದು, ವಿಷಕಾರಿ, ಇನ್ನೂ ಪರೀಕ್ಷಿಸಬೇಕಾದದ್ದು ಎಂದು ವಿಂಗಡಿಸುತ್ತಾರೆ. ಫ್ರೆಂಚ್ ಆಡಳಿತದ ದ್ವೀಪಗಳಲ್ಲಿ ಗ್ವಾಡೆಲೂಪಿನ ಔಷಧತಜ್ಞ ಹೆನ್ರಿ ಜೋಸೆಫ್ ಮೊದಲಾದವರು ಸ್ಥಳೀಯ ಗಿಡಗಳಿಗೆ ಕಾನೂನಿನ ಮಾನ್ಯತೆ ಸಿಗಬೇಕೆಂದು ದೀರ್ಘಕಾಲ ಹೋರಾಡಿದರು. ಸಾಗರದಾಚೆಯ ಪ್ರದೇಶಗಳ ಗಿಡಗಳು ಫ್ರಾನ್ಸಿನ ಅಧಿಕೃತ ಔಷಧಕೋಶದಲ್ಲಿ ಸೇರಿದ್ದು 2013ರಲ್ಲಿ.