ವೀರಗಾಸೆ: ಸೊಂಟಕ್ಕೆ ಬಿಗಿದ ಹೆಸರು

ಡೊಳ್ಳು ಕುಣಿತ, ಕಂಸಾಳೆ, ಕೋಲಾಟ ಇವಕ್ಕೆಲ್ಲ ಕುಣಿಯುವವರ ಕೈಯಲ್ಲಿರುವ ವಸ್ತುವೇ ಹೆಸರು ಕೊಟ್ಟಿದೆ. ಸುಗ್ಗಿ ಕುಣಿತಕ್ಕೆ ಕಾಲ ಹೆಸರು ಕೊಟ್ಟಿತು. ನಮ್ಮ ದಾವಣಗೆರೆ ಸೀಮೆಯ ಉತ್ಸವಗಳಲ್ಲಿ ಮೆರವಣಿಗೆಯ ಮುಂದೆ ಅಬ್ಬರಿಸುವ ವೀರಗಾಸೆಗೆ ಹೆಸರು ಬಂದದ್ದು ಉಡುಪಿನಿಂದ.

ವೀರ ಮತ್ತು ಕಾಸೆ ಸೇರಿ ವೀರಗಾಸೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ ಇಲ್ಲೂ ಕಕಾರ ಗಕಾರವಾಗಿದೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಈ ಮಾರ್ಪಾಟನ್ನು ಸೂತ್ರಕ್ಕೆ ಹಿಡಿದಿಟ್ಟಿದ್ದಾನೆ. ಕಾಸೆ ಎಂದರೆ ಕಾಲುಗಳ ನಡುವಿಂದ ತೆಗೆದು ಹಿಂದಕ್ಕೆ ಬಿಗಿದು ಸಿಕ್ಕಿಸುವ ಕಚ್ಚೆ. ಕಾಳಗಕ್ಕೆ ಹೊರಟವನು ಮೊದಲು ಮಾಡುವ ಕೆಲಸ ಅದು. ಇಂದಿಗೂ ಗಟ್ಟಿ ನಿರ್ಧಾರ ಮಾಡಿದವನನ್ನು ಟೊಂಕ ಕಟ್ಟಿ ನಿಂತ ಎನ್ನುತ್ತೇವಲ್ಲ!

ಅರ್ಥ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ದಕ್ಷಯಜ್ಞದ ಕಥೆ. ದಾಕ್ಷಾಯಿಣಿ ಯಜ್ಞಕುಂಡಕ್ಕೆ ಬಿದ್ದಳು, ಶಿವನ ಜಡೆಯಿಂದ ವೀರಭದ್ರ ಹುಟ್ಟಿದ, ದಕ್ಷನ ತಲೆ ಹೋಯಿತು. ಕುಣಿತ ಯಾರದು, ಯಾಕೆ ಅಷ್ಟು ರೌದ್ರ ಎಂಬುದನ್ನು ಕಥೆ ಹೇಳುತ್ತದೆ. ಹೆಸರನ್ನು ಹೇಳುವುದು ಮಾತ್ರ ಆ ಬಟ್ಟೆ. ಕತ್ತಿ, ರುದ್ರಾಕ್ಷಿ, ಹಣೆಯ ವಿಭೂತಿ ಎಲ್ಲವೂ ಎದ್ದು ಕಾಣುತ್ತವೆ. ಕಾಸೆಯನ್ನು ಯಾರೂ ಗಮನಿಸುವುದಿಲ್ಲ. ಕರಡೆಯ ಹೊಡೆತಕ್ಕೆ ಕಲಾವಿದ ಮಂಡಿ ಬಾಗಿಸಿ ನೆಗೆಯುವುದು ಅದರ ಬಿಗಿಯನ್ನು ನಂಬಿಯೇ. ಅದು ಸಡಿಲವಾದರೆ ಕುಣಿತವೇ ಇಲ್ಲ.

ಹರಿಹರದ ಬಳಿ ತುಂಗಭದ್ರೆ ದಾಟಿ ಹಾವೇರಿ, ಧಾರವಾಡದ ಕಡೆ ಹೋದರೆ ಅದೇ ವೀರಭದ್ರ, ಅದೇ ಒಡಪು. ಆದರೆ ಅಲ್ಲಿ ಮಾತು ಪುರವಂತರದು, ಪುರವಂತಿಕೆಯದು. ಒಂದು ಕಡೆ ಉಡುಪಿಗೆ ಹೆಸರು, ಇನ್ನೊಂದು ಕಡೆ ಹೊತ್ತ ಮನುಷ್ಯನಿಗೆ.

ಇಟಲಿಯ ತಾರಾಂತೆಲ್ಲಾ ಕುಣಿತದ ಹೆಸರಿನ ಪಾಡು ಇನ್ನೂ ವಿಚಿತ್ರ. ದಕ್ಷಿಣದ ತಾರಾಂತೊ ಪಟ್ಟಣದಿಂದ ಒಂದು ಜೇಡಕ್ಕೆ ತಾರಾಂತುಲಾ ಎಂಬ ಹೆಸರು ಬಂತು. ಅದು ಕಚ್ಚಿದವರು ಕುಣಿದು ಕುಣಿದೇ ಗುಣವಾಗಬೇಕು ಎಂದು ಜನ ನಂಬಿದರು. ನಿಜಕ್ಕೂ ಆ ಜೇಡದ ಕಡಿತ ಅಷ್ಟೇನೂ ಅಪಾಯಕಾರಿಯಲ್ಲ. ಎರ್ನೆಸ್ತೊ ದೆ ಮಾರ್ತಿನೊ ಎಂಬ ವಿದ್ವಾಂಸ 1959ರಲ್ಲಿ ತನ್ನ ತಂಡದೊಂದಿಗೆ ಸಲೆಂತೊ ಪ್ರದೇಶಕ್ಕೆ ಹೋಗಿ ನೋಡಿದಾಗ ಕಂಡವರಲ್ಲಿ ಹೆಚ್ಚಿನವರು ಬಡ ಹೆಂಗಸರು. ಬಾಯಿಬಿಟ್ಟು ಹೇಳಲಾಗದ ಸಂಕಟಕ್ಕೆ ಜೇಡ ಒಂದು ನೆಪ ಎಂದು ಅವನು ಓದಿದ. ಈಗ ಅದೇ ಹೆಸರಿನಲ್ಲಿ ಪ್ರವಾಸಿಗರ ಮುಂದೆ ನಗುನಗುತ್ತ ಕುಣಿಯುತ್ತಾರೆ. ಜೇಡವೂ ಇಲ್ಲ, ಸಂಕಟವೂ ಇಲ್ಲ.

ನಮ್ಮಲ್ಲೂ ವೀರಗಾಸೆ ಮೈಸೂರು ದಸರಾ ಮೆರವಣಿಗೆಗೆ ಹೋಗಿದೆ, ವೇದಿಕೆ ಹತ್ತಿದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾಸೆ ಕಟ್ಟುವ ಕೈಗಾರಿಕೆ ಹೋಗಿ ಹೊಲಿದ ಉಡುಪು ಬಂದರೆ ಹೆಸರಿನ ಅರ್ಧ ಭಾಗ ನಿಘಂಟಿನಲ್ಲಷ್ಟೇ ಉಳಿಯುತ್ತದೆ.

ದಾವಣಗೆರೆಯ ಆನೆಕೊಂಡದ ಹೆಸರಲ್ಲೂ ಇಂಥದೇ ಗುಟ್ಟಿದೆ. ಕೊಂಡ ಎಂದರೆ ನೀರಿನ ಹೊಂಡ. ವೀರಭದ್ರನ ಭಕ್ತರು ಕೊಂಡ ಹಾಯುತ್ತೇವೆ ಎಂದಾಗ ಮಾತ್ರ ಅದೇ ಪದದಲ್ಲಿ ಕೆಂಡ ತುಂಬಿರುತ್ತದೆ.